ಮೇಸ್ತ್ರಿ ಇಲ್ಲದ ಹೆಣ್ಣಾಳು

ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದಷ್ಟು ಕಾಲ ನನ್ನ ಹಿಂದಿಗೆ ಮೂಡಿಗೆರೆಯಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಮಕ್ಕಳು ಪಾಸಾಗುವಷ್ಟು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆಯೇ ಮರೆತುಬಿಡುತ್ತಿದ್ದರು. ಮದುವೆ ಮನೆಗಳಲ್ಲಿ ಗಣಿತದ ಮೇಷ್ಟ್ರಿಗೆ ಮುಂದಿನ ಸಾಲಿನ ಕುರ್ಚಿ, ನನಗೆ ಎಲ್ಲಾದರೂ ಒಂದು ಕಡೆ. ನಿವೃತ್ತಿಯಾದ ಮೇಲೆ ನೋಡಿ ನನಗೆ ಬೇಡಿಕೆ ಶುರುವಾದದ್ದು. ಅಷ್ಟರಲ್ಲಿ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳು ಬರುವುದು ಕಡಿಮೆಯಾಗಿ, ಕಾಫಿ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್, ಮಧ್ಯಪ್ರದೇಶದ ಕಡೆಯವರು ರೈಲು ಹತ್ತಿ ಬರತೊಡಗಿದ್ದರು. ಅವರಿಗೆ ಕಾಯಿಲೆಯಾದರೆ ಆಸ್ಪತ್ರೆಯಿಂದ, ಜಗಳವಾದರೆ ಪೊಲೀಸ್ ಠಾಣೆಯಿಂದ ನನಗೆ ಫೋನು ಬರುತ್ತಿತ್ತು.

ನನ್ನದು ಪುಸ್ತಕದ ಹಿಂದಿ. ನಾನು ಬಾಯಿ ತೆರೆದರೆ ಆ ಹುಡುಗರು ಆಕಾಶವಾಣಿ ಕೇಳುವವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು, ಆಮೇಲೆ ಹಿಂದೆ ತಿರುಗಿ ನಗುತ್ತಿದ್ದರು. ನಗಲಿ, ಕೆಲಸ ನಡೆಯುತ್ತಿತ್ತಲ್ಲ. ಹೆಚ್ಚಿನವೆಲ್ಲ ಸಣ್ಣ ವಿಷಯಗಳು. ಕಳೆದ ಮೊಬೈಲು, ಕುಡಿದು ಬಿದ್ದ ಗಲಾಟೆ, ಹಾವು ಕಚ್ಚಿದ್ದು. ಮನೆಯಲ್ಲಿ ಒಬ್ಬಳೇ ಇರುವ ನನಗೂ ಹೊತ್ತು ಹೋಗಬೇಕಿತ್ತು.

ಆ ಹುಡುಗಿಯ ವಿಷಯ ಹೇಳುವ ಮೊದಲು ಮೇಸ್ತ್ರಿ ಅಂದರೆ ನಮಗೆ ಏನು ಎಂದು ಹೇಳಬೇಕು. ನಮ್ಮ ಕಡೆ ತೋಟದ ಆಳೆಂದರೆ ಒಬ್ಬರಲ್ಲ, ಒಂದು ಗ್ಯಾಂಗು. ಗ್ಯಾಂಗಿಗೊಬ್ಬ ಮೇಸ್ತ್ರಿ. ಅವರನ್ನು ಕರೆತರುವವನೂ ಅವನೇ, ಕೆಲಸ ಮಾಡಿಸುವವನೂ ಅವನೇ, ಸಾಹುಕಾರರು ಮಾತಾಡುವುದೂ ಅವನ ಜೊತೆಗೇ. ನಮ್ಮಪ್ಪನ ಸಣ್ಣ ತೋಟದಲ್ಲಿ ಯಾವ ಹೆಂಗಸಿಗೆ ಹೆರಿಗೆ ನೋವು ಬಂದರೂ ನಮ್ಮ ಬಾಗಿಲಿಗೆ ಬಂದು ಕೂಗುತ್ತಿದ್ದದ್ದು ಮೇಸ್ತ್ರಿ, ಆಕೆಯ ಗಂಡನಲ್ಲ. ಯಾರಾದರೂ ಸತ್ತರೆ ಹೆಣ ಊರಿಗೆ ಮುಟ್ಟಿಸುವ ಹೊಣೆಯೂ ಅವನದೇ. ಹಾಗಾಗಿ ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲೇ ಪರ ಊರಿನ ಆಳು ಕಂಡರೂ ನಾವು ಹೆಸರು ಕೇಳುವುದಿಲ್ಲ, ಮೇಸ್ತ್ರಿ ಯಾರು ಎಂದು ಕೇಳುತ್ತೇವೆ. ಕೇಳುವವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆ ವರ್ಷ ರೋಬಸ್ಟಾ ಕಾಫಿಯ ಕುಯ್ಲು ಜೋರಾಗಿ ನಡೆದಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ತಾಲ್ಲೂಕಿನ ಒಂದು ಠಾಣೆಯಲ್ಲಿ ಕಾನ್‌ಸ್ಟೇಬಲ್. ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ, ಅವಳ ಫೋನು ಬಂತು. ಕೊಟ್ಟಿಗೆಹಾರದ ಬಸ್ ನಿಲ್ದಾಣದಲ್ಲಿ ಒಂದು ಹುಡುಗಿ ಬೆಳಿಗ್ಗೆಯಿಂದ ಯಾವ ಬಸ್ಸನ್ನೂ ಹತ್ತದೆ ಕೂತಿದ್ದಳಂತೆ. ಹೋಟೆಲಿನವರು ಅನುಮಾನಪಟ್ಟು ತಿಳಿಸಿದ್ದಾರೆ. ಕರೆತಂದು ಕೂರಿಸಿದರೆ ಬಾಯಿಯೇ ಬಿಡುತ್ತಿಲ್ಲ, ಸ್ವಲ್ಪ ಬನ್ನಿ ಮೇಡಂ ಎಂದಳು.

ಹೋಗಿ ನೋಡಿದೆ. ಇಪ್ಪತ್ತರ ಆಸುಪಾಸಿನವಳು. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಹಣ್ಣು ಕುಯ್ದು ಕುಯ್ದು ಕಪ್ಪಾದ ಬೆರಳು. ಊರು ಯಾವುದೆಂದು ಕೇಳಿದ್ದಕ್ಕೆ ಅಸ್ಸಾಂ ಎಂದಳು. ಚಹಾ ತೋಟದವರ ಮಗಳು. ಯಾವ ಬಸ್ಸನ್ನೂ ಏಕೆ ಹತ್ತಲಿಲ್ಲವೆಂದರೆ, ಯಾವ ಬಸ್ಸು ಎಲ್ಲಿಗೆ ಹೋಗುತ್ತದೋ ತಿಳಿಯಲಿಲ್ಲ ಎಂದಳು. ಬೋರ್ಡೆಲ್ಲ ಕನ್ನಡದಲ್ಲಿ.

ಸಬ್ ಇನ್‌ಸ್ಪೆಕ್ಟರ್ ಇನ್ನೂ ಎಳೆಯ ಹುಡುಗ, ಮರ್ಯಾದಸ್ಥ. ನನಗೆ ಕುರ್ಚಿ ಹಾಕಿಸಿ, "ಮೇಸ್ತ್ರಿ ಯಾರು ಅಂತ ಕೇಳಿ ಮೇಡಂ" ಎಂದ. ಕೇಳಿದೆ. ಅವಳು ಒಂದು ಹೆಸರು ಹೇಳಿದಳು. ಠಾಣೆಯಲ್ಲಿದ್ದವರಿಗೆಲ್ಲ ಗೊತ್ತಿದ್ದ ಹೆಸರು. ಕಳಸದ ದಾರಿಯ ತೋಟಗಳಿಗೆಲ್ಲ ಆಳು ಒದಗಿಸುವ, ಇಲ್ಲಿಯವನೇ ಆದ ಮನುಷ್ಯ. ಸಬ್ ಇನ್‌ಸ್ಪೆಕ್ಟರನಿಗೆ ನಿರಾಳವಾಯಿತು. ನನಗೂ ನಿರಾಳವೇ ಆಯಿತು, ಹಾಲಿನವನು ಬರುವ ಹೊತ್ತಿಗೆ ಮನೆ ಸೇರಬಹುದಲ್ಲ ಎಂದುಕೊಂಡೆ. ಕೂಡಲೇ ಅವನಿಗೆ ಫೋನು ಮಾಡಿದರು.

ನಮಗೆ ಕೊಟ್ಟ ಟೀ ಮುಗಿಯುವಷ್ಟರಲ್ಲಿ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ನನಗೆ ಬಗ್ಗಿ ನಮಸ್ಕಾರ ಮಾಡಿದ. ಅವನ ತಂಗಿ ನನ್ನ ಕೈಯಲ್ಲಿ ಓದಿದವಳಂತೆ. ಹುಡುಗಿಯ ಬಟ್ಟೆಯ ಚೀಲ ತಂದಿದ್ದ, ದಾರಿಯಲ್ಲಿ ಬೇಕರಿಯಿಂದ ಅವಳಿಗೆ ಬನ್ನನ್ನೂ ತಂದಿದ್ದ. ಹೊಸ ಹುಡುಗಿ, ಊರು ನೆನಪಾಗಿ ಅತ್ತುಕೊಂಡು ಬಂದುಬಿಟ್ಟಿದೆ, ಆಳುಗಳ ಲೈನು ಮನೆಯಲ್ಲಿ ಎಲ್ಲರೂ ಹುಡುಕುತ್ತಿದ್ದಾರೆ ಎಂದ. ನಂಬದಿರುವಂಥದ್ದು ಏನೂ ಇರಲಿಲ್ಲ. ಹುಡುಗಿ ಎದ್ದು ಚೀಲ ಕೈಗೆ ತೆಗೆದುಕೊಂಡಳು. ಇನ್ನು ಮೇಲೆ ಏನೇ ತೊಂದರೆ ಇದ್ದರೂ ಮೇಸ್ತ್ರಿಗೆ ಹೇಳಬೇಕು, ಹೀಗೆ ಓಡಿಬರಬಾರದು ಎಂದು ಬುದ್ಧಿ ಹೇಳುವಂತೆ ಸಬ್ ಇನ್‌ಸ್ಪೆಕ್ಟರ್ ನನಗೆ ಸೂಚಿಸಿದ.

ನಾನು ಹಿಂದಿಯಲ್ಲಿ ಆ ಬುದ್ಧಿಮಾತು ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಅವಳ ಕಾಲ ಬುಡದಲ್ಲಿ ನೆಲ ಒದ್ದೆಯಾಗುತ್ತಿರುವುದು ಕಾಣಿಸಿತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಗೋಡೆ ನೋಡುತ್ತ ನಿಂತಿದ್ದಳು, ಬನ್ನಿನ ಪೊಟ್ಟಣ ಕೈಯಲ್ಲೇ ಇತ್ತು. ಶಾಲೆಯಲ್ಲಿ ಬೆತ್ತಕ್ಕೆ ಹೆದರಿ ನಿಂತಲ್ಲೇ ಒದ್ದೆ ಮಾಡಿಕೊಂಡ ಸಣ್ಣ ಮಕ್ಕಳನ್ನು ನಾನು ನೋಡಿದ್ದೇನೆ. ಬೆಳೆದ ಹೆಣ್ಣುಮಗಳನ್ನು ಹಾಗೆ ನೋಡಿದ್ದು ಅದೇ ಮೊದಲು.

ನನಗೆ ಸಿಟ್ಟು ಬಂದರೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. "ಮೊದ್ಲು ಈ ಮನುಷ್ಯನ್ನ ಹೊರಗೆ ಕಳ್ಸಿ" ಎಂದೆ. ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ಹಾಗೆ ಕೂಗಿದ್ದಿರಬೇಕು, ಸಬ್ ಇನ್‌ಸ್ಪೆಕ್ಟರನೇ ಎದ್ದು ನಿಂತುಬಿಟ್ಟ. ನನ್ನ ವಿದ್ಯಾರ್ಥಿನಿ ನೆಲ ನೋಡಿದಳು, ನನ್ನನ್ನು ನೋಡಿದಳು, ಹುಡುಗಿಯ ಭುಜ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು.

ಒಳಗೆ ಅವಳು ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಬೆಂಗಳೂರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸವೆಂದು ರೈಲು ಹತ್ತಿಸಿದ್ದರು. ಇಳಿಸಿದ್ದು ಇಲ್ಲಿ. ಜೋಪಾನವಾಗಿ ಇಡುತ್ತೇನೆಂದು ಮೇಸ್ತ್ರಿ ಆಧಾರ್ ಕಾರ್ಡು, ಮೊಬೈಲು ತೆಗೆದುಕೊಂಡಿದ್ದ. ಲೈನು ಮನೆಗೆ ಹೊರಗಿನಿಂದ ಚಿಲಕ. ಸಂತೆಯ ದಿನ ಉಳಿದವರು ಜೀಪಿನಲ್ಲಿ ಹೋಗುತ್ತಿದ್ದರು, ಅವಳನ್ನೂ ಇನ್ನೊಬ್ಬಳನ್ನೂ ಬಿಡುತ್ತಿರಲಿಲ್ಲ. ಆ ಇನ್ನೊಬ್ಬಳನ್ನು ಒಂದು ದಿನ ಎಲ್ಲಿಗೋ ಕರೆದುಕೊಂಡು ಹೋದರು, ಅವಳು ವಾಪಸು ಬರಲಿಲ್ಲ. ಆಮೇಲೆ ಇವಳ ಸರದಿ. ಪಾತ್ರೆ ತೊಳೆಯಲು ಜನ ಬೇಕೆಂದು ಒಂದು ಹೋಂಸ್ಟೇಗೆ ಕರೆದೊಯ್ದರು. ಅಲ್ಲಿ ಪಾತ್ರೆ ತೊಳೆಯುವ ಕೆಲಸ ಇರಲಿಲ್ಲ. ಬೆಳಗಾಗುವ ಮೊದಲು ಅಲ್ಲಿಂದ ತಪ್ಪಿಸಿಕೊಂಡು ನಡೆದೇ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಇಷ್ಟು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಾನ್‌ಸ್ಟೇಬಲ್ ಮಾತ್ರ ಅಳುತ್ತಿದ್ದಳು.

ಸಬ್ ಇನ್‌ಸ್ಪೆಕ್ಟರನನ್ನು ಹೊಗಳಬೇಕು. ವಿಷಯ ತಿಳಿದ ಮೇಲೆ ಹಿಂದೆ ಮುಂದೆ ನೋಡದೆ ಮಾನವ ಸಾಗಾಣಿಕೆಯ ಕೇಸು ದಾಖಲಿಸಿ, ಬಿಳಿ ಶರ್ಟಿನವನನ್ನು ಅಲ್ಲೇ ಕೂರಿಸಿಕೊಂಡ. ತೋಟದ ಸಾಹುಕಾರರು ನಮಗೇನೂ ಗೊತ್ತಿಲ್ಲ, ನಾವು ಮಾತಾಡಿದ್ದು ಮೇಸ್ತ್ರಿಯ ಜೊತೆ ಎಂದರು. ಅದು ಸುಳ್ಳಲ್ಲ, ಅವರು ಆ ಹುಡುಗಿಯ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಮಾರನೆಯ ದಿನ ಮ್ಯಾಜಿಸ್ಟ್ರೇಟರ ಕೋಣೆ. ಬಾಗಿಲು ಮುಚ್ಚಿ ಹೇಳಿಕೆ ಪಡೆದರು, ಒಳಗೆ ಮ್ಯಾಜಿಸ್ಟ್ರೇಟರು, ಹುಡುಗಿ, ನಾನು, ಮೂವರೇ ಹೆಂಗಸರು. ಮ್ಯಾಜಿಸ್ಟ್ರೇಟರು ಮೃದುವಾಗಿ, ಬಿಡಿಸಿ ಬಿಡಿಸಿ ಹೇಳಿದರು: ನಿನ್ನ ಹೆಸರು ಹೊರಗೆ ಬರುವುದಿಲ್ಲ, ನಿನ್ನ ಫೋಟೋ ಯಾರೂ ಹಾಕುವಂತಿಲ್ಲ. ವಿಚಾರಣೆಯಲ್ಲಿ ಅವನ ಮುಖ ನೋಡದೆ ಸಾಕ್ಷಿ ಹೇಳಬಹುದು, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಪರಿಹಾರ ಕೇಳಬಹುದು, ಅಲ್ಲಿಯವರೆಗೆ ಆಶ್ರಯಧಾಮದಲ್ಲಿ ಇರಬಹುದು. ನಾನು ಒಂದೊಂದನ್ನೂ ಹಿಂದಿಗೆ ತರುವಾಗ, ಈ ದೇಶದಲ್ಲಿ ಇಷ್ಟೊಂದು ಒಳ್ಳೆಯ ಕಾನೂನಿದೆಯೇ ಎಂದು ನನಗೇ ಹೆಮ್ಮೆಯಾಯಿತು. ಕೇಳುವುದೇನಾದರೂ ಇದೆಯಾ ಎಂದದ್ದಕ್ಕೆ ಹುಡುಗಿ ಕೇಳಿದ್ದು ಒಂದೇ: ತಾನು ಮಲಗುವ ಕೋಣೆಗೆ ಚಿಲಕ ಒಳಗಿರುತ್ತದೋ ಹೊರಗಿರುತ್ತದೋ? ಮ್ಯಾಜಿಸ್ಟ್ರೇಟರಿಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ಕಾವಲು ಇರುತ್ತದೆ, ಹೆದರಬೇಡ ಎಂದರು.

ಅವಳನ್ನು ಚಿಕ್ಕಮಗಳೂರಿನ ಹೊರಗಿನ ಒಂದು ಆಶ್ರಯಧಾಮಕ್ಕೆ ಕಳಿಸಿದರು. ತಿಂಗಳಿಗೆ ಒಂದೆರಡು ಸಲ ನಾನು ಹೋಗಿ ನೋಡಿಬರುತ್ತಿದ್ದೆ. ಊಟ ತಿಂಡಿಗೆ ಕಡಿಮೆ ಇರಲಿಲ್ಲ, ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಆದರೆ ಗೇಟಿಗೆ ಬೀಗ. ಅವಳ ರಕ್ಷಣೆಗೆಂದೇ ಬೀಗ. ಮನೆಗೆ ಫೋನು ಮಾಡಬೇಕಾದರೆ ಮೇಲ್ವಿಚಾರಕಿ ಎದುರಿಗೆ, ಅದೂ ಅವಳ ರಕ್ಷಣೆಗೆ. ಹಿತ್ತಲಿನ ಗೋಡೆಯಾಚೆ ಯಾರದೋ ತೋಟದಲ್ಲಿ ಹೆಂಗಸರು ಮಾತಾಡಿಕೊಂಡು ಗಿಡದ ಚಿಗುರು ತೆಗೆಯುವುದು ಕೇಳಿಸುತ್ತಿತ್ತು. ಹೋದಾಗಲೆಲ್ಲ ಕೇಳುತ್ತಿದ್ದಳು, ನನ್ನನ್ನು ಯಾವಾಗ ಬಿಡುತ್ತಾರೆ ಎಂದು.

ಅಷ್ಟರಲ್ಲಿ ಮೇಸ್ತ್ರಿಗೆ ಜಾಮೀನು ಸಿಕ್ಕಿತು. ಒಂದು ಬೆಳಿಗ್ಗೆ ತರಕಾರಿಗೆಂದು ಪೇಟೆಗೆ ಹೋದರೆ, ಹೋಟೆಲಿನ ಮುಂದೆ ನಿಂತು ಟೀ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು ಎಂದಿನ ಹಾಗೆ ಬಗ್ಗಿ ನಮಸ್ಕಾರ ಮಾಡಿದ. ಆ ದಿನ ತರಕಾರಿಯನ್ನೂ ತರದೆ ಮನೆಗೆ ಬಂದೆ. ಮಾಡಿದವನು ಬೀದಿಯಲ್ಲಿ ಟೀ ಕುಡಿಯುತ್ತಾನೆ, ಇವಳು ಬೀಗದೊಳಗೆ. ಮೇಲ್ವಿಚಾರಕಿಯ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ಓಟು ಹಾಕುವ ವಯಸ್ಸಿನವಳನ್ನು ಯಾವ ಲೆಕ್ಕದಲ್ಲಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಪಾಪ, ಆಕೆಯ ತಪ್ಪೇನು. "ನಂಗೂ ಕಳ್ಸೋಕೆ ಇಷ್ಟನೇ ಮೇಡಂ. ಅವ್ಳ ಕಡೆಯವ್ರು ಅಂತ ಯಾರಾದ್ರೂ ಬಂದು ಸೈನ್ ಹಾಕ್ಬೇಕಲ್ಲ" ಎಂದಳು.

ಬಂದರು. ಮುಂಗಾರು ಹಿಡಿಯುವ ಹೊತ್ತಿಗೆ ಅವಳ ಅಣ್ಣ ಬಂದ. ಊರಿನ ಮುಖ್ಯಸ್ಥರ ಪತ್ರ, ತನ್ನ ಗುರುತಿನ ಚೀಟಿ, ತಾಯಿಯ ಹೆಬ್ಬೆಟ್ಟು, ಎಲ್ಲವೂ ಸರಿಯಾಗಿತ್ತು. ಆಶ್ರಯಧಾಮದವರು ಹೊಸ ಬಟ್ಟೆ ಕೊಟ್ಟು, ತಲೆ ಬಾಚಿ, ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆತಂದರು. ಎಲ್ಲರ ಮುಖದಲ್ಲೂ ಮದುವೆಯ ಕಳೆ. ಅಣ್ಣನ ಜೊತೆ ಹೋಗಲು ಒಪ್ಪಿಗೆಯೇ ಎಂದು ಕೇಳುವುದು ಬರೀ ಶಾಸ್ತ್ರಕ್ಕೆ ಎಂಬಂತೆ ಕೇಳಿದರು. ನಾನು ಹಿಂದಿಯಲ್ಲಿ ಕೇಳಿದೆ.

ಅವಳು ನನ್ನ ಮುಖ ನೋಡಿ ಹೇಳಿದಳು: "ರೈಲು ಹತ್ತಿಸಿದ್ದು ಇವನೇ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಣ್ಣ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಈಗ ನೀನು ಬಂದ ಇಷ್ಟು ದೂರದ ಟಿಕೆಟ್ಟು ಯಾರು ಮಾಡಿಸಿದರು ಎಂದು ಮ್ಯಾಜಿಸ್ಟ್ರೇಟರು ಕೇಳಿದರೆ, ಒಮ್ಮೆ ಚಿಕ್ಕಪ್ಪ ಎಂದ, ಇನ್ನೊಮ್ಮೆ ಊರಿನವರು ಎಂದ. ಆಕೆ ಕಾಗದಗಳನ್ನು ವಾಪಸು ಕೊಟ್ಟು ಅವನನ್ನು ಕಳಿಸಿಬಿಟ್ಟರು. ಆಮೇಲೆ ಹುಡುಗಿಯತ್ತ ತಿರುಗಿ, ಹಾಗಾದರೆ ನಿನಗೇನು ಬೇಕು ಎಂದರು. ಅವಳಿಗೆ ಕೆಲಸ ಬೇಕಿತ್ತು. ತೋಟದ ಕೆಲಸ ತನಗೆ ಬರುತ್ತದೆ, ದುಡಿದು ತಿನ್ನುತ್ತೇನೆ, ಯಾರ ಜೊತೆಗೂ ಹೋಗುವುದಿಲ್ಲ ಎಂದಳು. ಜವಾಬ್ದಾರಿ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ನೋಡೋಣ ಎಂದರು ಮ್ಯಾಜಿಸ್ಟ್ರೇಟರು. ವಯಸ್ಸಿಗೆ ಬಂದವಳಿಗೆ ಅಂಥ ಯಾರೂ ಬೇಕಾಗಿಲ್ಲ, ಕಾನೂನಿನಲ್ಲಿ ಹಾಗಿಲ್ಲ ಎಂದು ಒಬ್ಬ ವಕೀಲರು ನನಗೆ ಹೇಳಿದ್ದು ಬಹಳ ದಿನ ಕಳೆದ ಮೇಲೆ.

ನಾನು ಕೆಲಸ ಹುಡುಕಲು ಹೊರಟೆ. ನನ್ನಲ್ಲಿ ಓದಿದವರು ಎಷ್ಟೋ ಜನ ಈಗ ತೋಟದ ಯಜಮಾನರು, ನೆಂಟರಿಷ್ಟರೂ ಇದ್ದಾರೆ. ಆಳು ಸಿಗುತ್ತಿಲ್ಲ, ಆಳು ಸಿಗುತ್ತಿಲ್ಲ ಎಂದು ವರ್ಷವಿಡೀ ಗೋಳಾಡುವ ಜನ. ಒಬ್ಬ ಗಟ್ಟಿ ಹೆಣ್ಣಾಳು ಇದ್ದಾಳೆ ಎಂದರೆ ಕಣ್ಣರಳಿಸುತ್ತಿದ್ದರು. ಮುಂದಿನ ಪ್ರಶ್ನೆ ಎಲ್ಲರದೂ ಅದೇ, ಯಾರ ಗ್ಯಾಂಗು, ಮೇಸ್ತ್ರಿ ಯಾರು. ಮೇಸ್ತ್ರಿ ಇಲ್ಲ, ಅವಳೊಬ್ಬಳೇ ಎಂದ ಕೂಡಲೇ ಕಾಫಿ ತರಲು ಒಳಗೆ ಹೇಳುತ್ತಿದ್ದರು, ಮಾತು ಮಳೆಯ ಕಡೆಗೆ ಹೊರಳುತ್ತಿತ್ತು. ನಾಳೆ ಏನಾದರೂ ಆದರೆ ಯಾರನ್ನು ಕೇಳುವುದು ಎಂದು ಒಬ್ಬರು ಬಾಯಿಬಿಟ್ಟು ಹೇಳಿದರು. ಅವಳನ್ನೇ ಕೇಳಿ ಎಂದೆ. ಅವರಿಗೆ ಅದು ತಮಾಷೆಯಾಗಿ ಕಂಡಿತು. ದೇವರಮನೆಯ ಕಡೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅವರೆಲ್ಲರನ್ನೂ ಮನಸಾರೆ ಬೈದೆ. ಒಬ್ಬರೂ ಕೆಟ್ಟವರಲ್ಲ ಎನ್ನುವುದೇ ನನಗೆ ಹೆಚ್ಚು ಸಂಕಟ ತಂದಿತ್ತು.

ಕೊನೆಗೆ ಒಪ್ಪಿದವನು ಮಲ್ಲಂದೂರಿನ ಹತ್ತಿರ ಸಣ್ಣ ತೋಟವಿರುವ ನನ್ನ ಚಿಕ್ಕಪ್ಪನ ಮಗ. ಅಡುಗೆಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟ, ಅವನ ಹೆಂಡತಿ ಹಾಸಿಗೆ ಕೊಟ್ಟಳು. ನಾನು ಕೋರ್ಟಿನಲ್ಲಿ ಸಹಿ ಹಾಕಿದೆ. ಹುಡುಗಿ ಎರಡು ವಾರದಲ್ಲಿ ಅಲ್ಲಿಯ ಕೆಲಸವನ್ನೆಲ್ಲ ಹಿಡಿತಕ್ಕೆ ತಂದುಕೊಂಡಳು. ಅವಳ ಕೂಲಿ ಅವಳ ಕೈಗೇ ಕೊಡಬೇಕು, ಅವಳ ಮೊಬೈಲು ಅವಳ ಹತ್ತಿರವೇ ಇರಬೇಕು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಅವನು ಹಾಗೆಯೇ ನಡೆದುಕೊಂಡ. ನನಗೆ ಸ್ವಲ್ಪ ಗರ್ವವೂ ಬಂದಿತ್ತು ಅನ್ನಿ.

ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ದಿನ ಚಿಕ್ಕಪ್ಪನ ಮಗ ಫೋನು ಮಾಡಿದ. "ಅಕ್ಕಾ, ನಿನ್ನ ಹುಡ್ಗಿಗೆ ಭಾನುವಾರ ಚಿಕ್ಕಮಗಳೂರಿಗೆ ಹೋಗ್ಬೇಕಂತೆ. ಕಳ್ಸ್ಲಾ?"

"ನನ್ನನ್ನೆಂತ ಕೇಳ್ತೀಯ ಮಾರಾಯ, ಅವ್ಳು ಹೋಗ್ತಾಳೆ, ಬರ್ತಾಳೆ" ಎಂದು ರೇಗಿದೆ. ಅವನಿಗೂ ಬೇಜಾರಾಯಿತು. ತಾನು ಹಾಗೆಯೇ ಹೇಳಿದೆ, ಅವಳೇ ಮೇಡಂ ಹತ್ತಿರ ಕೇಳಿ ಎಂದಳು ಅಂದ. ಫೋನು ಅವಳ ಕೈಗೆ ಕೊಡಿಸಿದೆ. ನೋಡಮ್ಮ, ನೀನು ನನ್ನನ್ನು ಕೇಳಬೇಕಾಗಿಲ್ಲ, ಯಜಮಾನರನ್ನೂ ಕೇಳಬೇಕಾಗಿಲ್ಲ, ರಜೆಯ ದಿನ ನಿನ್ನದು ಎಂದು ನನ್ನ ಶುದ್ಧ ಹಿಂದಿಯಲ್ಲಿ ವಿವರಿಸಿದೆ.

"ಮತ್ತೆ ಯಾರನ್ನು ಕೇಳಲಿ?" ಎಂದಳು.

ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದಳು. ಹುಟ್ಟಿದಾಗಿನಿಂದ ಅಪ್ಪ, ಅಣ್ಣ, ಮೇಸ್ತ್ರಿ, ಆಶ್ರಯಧಾಮ, ಈಗ ನಾನು. ಯಾರನ್ನೂ ಕೇಳಬೇಡ ಎಂದೆ. ಸರಿ ಮೇಡಂ ಎಂದು ಫೋನಿಟ್ಟಳು. ಆ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲವಂತೆ, ಬಟ್ಟೆ ಒಗೆದುಕೊಂಡು ಕೋಣೆಯಲ್ಲೇ ಇದ್ದಳಂತೆ. ಕೇಳಿ ನನಗೆ ಅಳು ಬಂತು.

ಅರೇಬಿಕಾ ಕಾಫಿ ಹಣ್ಣಾಗುವ ಕಾಲಕ್ಕೆ ಕೋರ್ಟಿನಿಂದ ಸಾಕ್ಷಿಗೆ ದಿನ ಗೊತ್ತಾಯಿತು. ನನಗೆ ಖುಷಿ. ಸರ್ಕಾರಿ ವಕೀಲರು ಇವಳ ಮಾತೊಂದೇ ಸಾಕು ಎಂದಿದ್ದರು, ಇವಳು ಬಾರದಿದ್ದರೆ ಕೇಸು ನಿಲ್ಲುವುದಿಲ್ಲ ಎಂದೂ ಹೇಳಿದ್ದರು. ನಾನೇ ಮಲ್ಲಂದೂರಿಗೆ ಹೋಗಿ ಅವಳಿಗೆ ತಿಳಿಸಿದೆ. ತಲೆಯಾಡಿಸಿದಳು. ಅದಾಗಿ ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಕೋಣೆ ಗುಡಿಸಿತ್ತು, ಹಾಸಿಗೆ ಮಡಿಸಿತ್ತು, ಅವಳಿರಲಿಲ್ಲ. ಮೊಬೈಲು ಸ್ವಿಚ್ ಆಫ್.

ಪೊಲೀಸರು ನನ್ನ ಮನೆಗೆ ಬಂದರು. ಸಹಿ ಹಾಕಿದವಳು ನಾನಲ್ಲವೇ, ಹಾಜರುಪಡಿಸುವ ಹೊಣೆಯೂ ನನ್ನದೇ ಅಂತೆ. ನಾನೇ ಈಗ ಮೇಸ್ತ್ರಿ. ಗಲಾಟೆ ಮಾಡಲೂ ಮನಸ್ಸಾಗಲಿಲ್ಲ. ಮೊದಲು ಅವಳ ಮೇಲೆಯೇ ಕೋಪ ಬಂತು, ಇಷ್ಟೆಲ್ಲ ಓಡಾಡಿದವಳಿಗೆ ಒಂದು ಮಾತು ಹೇಳಬಾರದಿತ್ತೇ ಎಂದು. ಕೋಪ ಇಳಿದ ಮೇಲೆ ಹೆದರಿಕೆ ಹಿಡಿಯಿತು. ತಾನಾಗಿ ಹೋದಳೋ, ಎತ್ತಿಕೊಂಡು ಹೋದರೋ? ಅಣ್ಣ ಬಂದಿದ್ದನೋ, ಬಿಳಿ ಶರ್ಟಿನವನ ಜೀಪು ಬಂದಿತ್ತೋ? ವಾಪಸು ಬಾರದ ಆ ಇನ್ನೊಬ್ಬಳು ಮತ್ತೆ ಮತ್ತೆ ನೆನಪಾಗುತ್ತಿದ್ದಳು. ನಿದ್ದೆ ಬಿಟ್ಟೆ, ಊಟ ಬಿಟ್ಟೆ, ಬಂದ ಫೋನುಗಳಿಗೆಲ್ಲ ಬೆಚ್ಚಿದೆ.

ವಿಚಾರಣೆಯ ದಿನ ಚಿಕ್ಕಮಗಳೂರಿಗೆ ಹೋದೆ. ಅವಳಿಗಾಗಿ ಮರೆಯ ಪರದೆ ಹಾಕಿಸಿದ್ದರು. ಹೆಸರು ಕೂಗಬಾರದೆಂಬ ನಿಯಮವಿದ್ದುದರಿಂದ ಕೇಸಿನ ನಂಬರನ್ನಷ್ಟೇ ಕೂಗಿದರು. ಯಾರೂ ಬರಲಿಲ್ಲ. ಪರದೆಯ ಹಿಂದಿನ ಕುರ್ಚಿ ಹಾಗೇ ಇತ್ತು. ಸರ್ಕಾರಿ ವಕೀಲರು ಇನ್ನೊಂದು ದಿನ ಕೇಳಿದರು, ಸಿಕ್ಕಿತು. ಆ ದಿನವೂ ಬಾರದಿದ್ದರೆ ಆರೋಪಿ ಖುಲಾಸೆ, ಅದರಲ್ಲಿ ಸಂಶಯವಿಲ್ಲ ಎಂದು ನನಗೆ ಮೆಲ್ಲಗೆ ಹೇಳಿ ಮುಂದಿನ ಕೇಸಿನ ಕಡತ ಎತ್ತಿಕೊಂಡರು.

ಹೊರಗೆ ಜಗಲಿಯಲ್ಲಿ ನಿಂತು ಬಸ್ಸಿನ ಹೊತ್ತು ನೋಡುತ್ತಿದ್ದೆ. ಮೇಸ್ತ್ರಿ ಅತ್ತಿತ್ತ ನೋಡಿ ಹತ್ತಿರ ಬಂದ. ಈ ಸಲ ನಮಸ್ಕಾರ ಮಾಡಲು ಮರೆತ. ಶರ್ಟು ಬಿಳಿಯದೇ, ಕಂಕುಳಲ್ಲಿ ಬೆವರು. ದನಿ ತಗ್ಗಿಸಿ, "ಮೇಡಂ, ಆ ಹುಡ್ಗಿ ಎಲ್ಲಿದಾಳೆ ಅಂತ ನಿಮ್ಗಾದ್ರೂ ಗೊತ್ತಾ? ಊರಿಗೂ ಹೋಗಿಲ್ವಂತೆ. ಅವ್ಳ ಅಣ್ಣ ನಂಗೆ ದಿನಾ ಫೋನ್ ಮಾಡಿ ತಲೆ ತಿಂತಾನೆ" ಎಂದ.

ನಾನು ಅವನ ಮುಖವನ್ನು ಚೆನ್ನಾಗಿ ನೋಡಿದೆ. ಸುಳ್ಳು ಹೇಳುವ ಮಕ್ಕಳ ಮುಖ ನೋಡಿ ನೋಡಿ ತಲೆ ನರೆತವಳು ನಾನು. ಮುಂದಿನ ದಿನಕ್ಕೆ ಅವಳು ಬಂದುಬಿಟ್ಟಾಳೆಂಬ ಹೆದರಿಕೆಯಲ್ಲಿ ಅವನು ನಿಜವಾಗಿ ಹುಡುಕುತ್ತಿದ್ದ. ಅವನ ಹತ್ತಿರವೂ ಇಲ್ಲ, ಅಣ್ಣನ ಹತ್ತಿರವೂ ಇಲ್ಲ. ತಾನಾಗಿಯೇ ಹೋಗಿದ್ದಾಳೆ.

"ನಂಗೂ ಹೇಳಿ ಹೋಗ್ಲಿಲ್ಲ ಮಾರಾಯ" ಎಂದೆ. ಹೇಳುವಾಗ ಮುಖದ ಮೇಲೆ ಬಂದ ನಗುವನ್ನು ಅವನಿಗೆ ಕಾಣದ ಹಾಗೆ ಸೆರಗಿನಿಂದ ಒರೆಸಿಕೊಂಡೆ.